ಹಿಂದಕ್ಕೆ ತರುವ ಹುದ್ದೆ

ವಿಶ್ವವಿದ್ಯಾಲಯದಲ್ಲಿ ಅವನನ್ನು ಎಲ್ಲರೂ ಬಟನ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಪ್ರತಿ ಗುರುವಾರ ಸಂಜೆ ಐದೂವರೆಗೆ ಎರಡನೇ ಮಹಡಿಯ ಸಭಾಂಗಣದಲ್ಲಿ ಪ್ರಾಚೀನ ಮೆಡಿಟರೇನಿಯನ್ ಲೋಕದ ಬಗ್ಗೆ ಸಾರ್ವಜನಿಕ ಉಪನ್ಯಾಸ: ಗ್ರೀಸಿನ ಗುಡಿ, ರೋಮಿನ ಚರಂಡಿ, ಮುಳುಗಿದ ಹಡಗು. ಹಿರಿಯ ಪ್ರೊಫೆಸರರು ಕೋಲಿನಿಂದ ವೇದಿಕೆಯ ಹಲಗೆಗೆ ಒಮ್ಮೆ ಕುಟ್ಟಿದರೆ, ಹಿಂದಿನ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಬಟನ್ ಪರದೆಯ ಮೇಲಿನ ಚಿತ್ರವನ್ನು ಮುಂದಕ್ಕೆ ಓಡಿಸಬೇಕು. ಎರಡು ಸಲ ಕುಟ್ಟಿದರೆ ಹಿಂದಕ್ಕೆ. ಏಳು ವರ್ಷದಿಂದ ಇದೇ ಕೆಲಸ. ಏಳು ವರ್ಷದಿಂದಲೂ ತಾತ್ಕಾಲಿಕ.

ಪ್ರೊಫೆಸರರು ಮಾತಾಡುವಾಗ ಅಪ್ಪಿತಪ್ಪಿಯೂ ಪರದೆಯತ್ತ ತಿರುಗುತ್ತಿರಲಿಲ್ಲ. ಬಂದವರಿಗೆ ಬೆನ್ನು ತೋರಿಸುವುದು ಮರ್ಯಾದೆಯಲ್ಲ ಎಂಬುದು ಅವರ ನಂಬಿಕೆ. ಬೆನ್ನ ಹಿಂದಿನದರ ಭಾರವನ್ನೆಲ್ಲ ಬಟನ್‌ನ ಮೇಲೆ ಹಾಕಿಬಿಟ್ಟಿದ್ದರು. ಅವನೂ ಪಳಗಿಹೋಗಿದ್ದ, ಅಲ್ಲಿ ಕೋಲು ಎದ್ದರೆ ಇಲ್ಲಿ ಬೆರಳು ಇಳಿಯುತ್ತಿತ್ತು. ಹುಟ್ಟಿದಂದಿನಿಂದ ಸಮುದ್ರವನ್ನೇ ಕಾಣದವನಿಗೆ ಯಾವ ಹೂಜಿಯಲ್ಲಿ ದ್ರಾಕ್ಷಾರಸ ಹೋಗುತ್ತಿತ್ತು, ಯಾವುದರಲ್ಲಿ ಎಣ್ಣೆ ಎಂಬುದು ಬಾಯಿಪಾಠ. ಇಷ್ಟೆಲ್ಲ ಬಲ್ಲ ಪಂಡಿತನಿಗೆ ಮನೆಯ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ನೀರು ನಿಲ್ಲುತ್ತದೆ ಎಂಬುದು ಮಾತ್ರ ಇನ್ನೂ ಖಚಿತವಾಗಿರಲಿಲ್ಲ.

ಹೀಗಿರುವಾಗ ಹೊಸದಾಗಿ ಬಂದ ರಿಜಿಸ್ಟ್ರಾರ್ ಮೇಡಂ ಅವರಿಂದ ಪತ್ರ ಬಂತು. ‘ನಿಮ್ಮ ಕೆಲಸದ ಸ್ವರೂಪವನ್ನು ಒಂದು ಪುಟಕ್ಕೆ ಕಡಿಮೆಯಿಲ್ಲದಂತೆ ವಿವರಿಸಿ. ಈ ಹುದ್ದೆ ಬೇಕೋ ಬೇಡವೋ ತೀರ್ಮಾನಿಸಬೇಕಾಗಿದೆ.’

ಬಟನ್ ಇದ್ದುದು ಅಕ್ಕನ ಮನೆಯಲ್ಲಿ. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು.

“ಅಕ್ಕಾ, ಒಂದು ಪುಟ ಬರೀಬೇಕಂತೆ. ನಂದು ಎರಡೇ ಸಾಲಿಗೆ ಮುಗಿದುಹೋಯ್ತು.”

“ಓದು.”

“‘ಸರ್ ಕುಟ್ಟಿದಾಗ ಒತ್ತುವುದು.’”

“ಆಮೇಲೆ?”

“‘ಕುಟ್ಟದಿದ್ದಾಗ ಒತ್ತದಿರುವುದು.’”

ಅಕ್ಕ ಪಿನ್ನುಗಳನ್ನು ಅಂಗೈಗೆ ಉಗುಳಿದಳು. “ಲೋ, ಅದೇ ಕಣೋ ಕಷ್ಟದ್ದು. ಅದನ್ನ ಮೊದಲು ಬರಿ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರಿ, ಪುಟ ತುಂಬುತ್ತೆ.”

“ತಮಾಷೆ ಸಾಕು. ಕೆಲಸ ಹೋದ್ರೆ ಗತಿಯೇನು?”

“ಏಳು ವರ್ಷದಲ್ಲಿ ಒಂದೇ ಒಂದು ಸಲವಾದ್ರೂ ತಪ್ಪಿದೀಯಾ?”

“ಇಲ್ಲ.”

“ಅದೇ ನೀನು ಮಾಡಿದ ತಪ್ಪು. ನೆಟ್ಟಗೆ ಹೊಲಿದುಕೊಟ್ರೆ ಯಾರೂ ಈ ಕಡೆ ತಲೆ ಹಾಕಲ್ಲ. ಒಂದು ತೋಳು ಉದ್ದ, ಒಂದು ಗಿಡ್ಡ ಮಾಡಿ ನೋಡು, ದಿನಾ ಬಾಗಿಲಿಗೆ ಬರ್ತಾರೆ.”

ಒಳಗಿಂದ ಬಾವನ ದನಿ ಬಂತು: “ತಪ್ಪು ಮಾಡೋಕೂ ಧೈರ್ಯ ಬೇಕಲ್ಲ ಮಾರಾಯ್ತಿ!”

ಬಾವ ಹೇಳಿದ್ದು ನಿಜವೇ ಆಗಿತ್ತು ಎಂಬುದು ಬಟನ್‌ಗೆ ಇನ್ನಷ್ಟು ಚುಚ್ಚಿತು.

ಗುರುವಾರ ಮೇಡಂ ಖುದ್ದಾಗಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಕೂರುವ ಮೊದಲು ಕೈಚೀಲದಿಂದ ಒಂದು ಪುಟ್ಟ ರಿಮೋಟ್ ತೆಗೆದು ಪ್ರೊಫೆಸರರಿಗೆ ಕೊಟ್ಟರು. “ಸರ್, ಇದನ್ನ ಒತ್ತಿದ್ರೆ ಚಿತ್ರ ಮುಂದಕ್ಕೆ ಹೋಗುತ್ತೆ. ಹಿಂದೆ ಕೂತಿರೋರು ಇವತ್ತು ಏನನ್ನೂ ಮುಟ್ಟಬಾರದು.”

ಪ್ರೊಫೆಸರರು ಅದನ್ನು ಮಡಕೆಯ ಚೂರಿನಂತೆ ತಿರುಗಿಸಿ, ಮೂಸಿ ನೋಡಿದರು. “ನೆಲದ ಯಾವ ಪದರದಲ್ಲಿ ಸಿಕ್ಕಿದ್ದು?”

“ಪೇಟೆಯಲ್ಲಿ, ಸರ್.”

ಅಂದಿನ ವಿಷಯ, ಕಡಲ ತಳದಲ್ಲಿ ಸಿಕ್ಕ ಅಮೃತಶಿಲೆಯ ದೇವತೆ. ಪ್ರೊಫೆಸರರು ಎಡಗೈಯಲ್ಲಿ ರಿಮೋಟ್, ಬಲಗೈಯಲ್ಲಿ ಕೋಲು ಹಿಡಿದು ಶುರು ಮಾಡಿದರು. ಅಭ್ಯಾಸ ಬಿಡಲಿಲ್ಲ, ಕೋಲು ಕುಟ್ಟಿದರು. ಏನೂ ಕದಲಲಿಲ್ಲ. ಆದರೆ ಮಾತು ರಂಗೇರಿದಂತೆಲ್ಲ ಎಡಮುಷ್ಟಿ ಬಿಗಿಯಾಯಿತು. ಬಿಗಿಯಾದಾಗಲೆಲ್ಲ ಚಿತ್ರ ಜಾರಿತು. ದೇವತೆ ಹೋಗಿ, ಯಾವುದೋ ಉತ್ಖನನದ ಗುಂಡಿಯಲ್ಲಿ ಚಡ್ಡಿ ಹಾಕಿಕೊಂಡು ಬಕೆಟ್ ಮೇಲೆ ಕೂತ ಇಪ್ಪತ್ತೈದರ ಪ್ರಾಯದ ಪ್ರೊಫೆಸರರೇ ಪರದೆಯ ತುಂಬ ಪ್ರತ್ಯಕ್ಷರಾದರು.

“ಈ ತೋಳುಗಳನ್ನು ನೋಡಿ!” ಎಂದರು ಪ್ರೊಫೆಸರರು ಸಭೆಯತ್ತಲೇ ಮುಖಮಾಡಿ. “ಇಂಥ ಸೌಂದರ್ಯ ಎರಡು ಸಾವಿರ ವರ್ಷ ಕೆಸರಲ್ಲಿ ಹೂತುಹೋಗಿತ್ತು!”

ಪ್ರತಿವಾರ ಬರುವ ಹನ್ನೆರಡು ಜನ ತಲೆ ಬಗ್ಗಿಸಿ ಬರೆದುಕೊಂಡರು. ಅವರಲ್ಲೊಬ್ಬ ನಿವೃತ್ತ ಹೆಡ್‌ಮಿಸ್ ಪಕ್ಕದವರ ಕಿವಿಯಲ್ಲಿ, “ಕಾಲು ಮಾತ್ರ ಸ್ವಲ್ಪ ಕಡ್ಡಿ ಕಡ್ಡಿ, ಅಲ್ವಾ?” ಎಂದರು. ಮೇಡಂ ಗಂಭೀರವಾಗಿ ತಲೆದೂಗಿದರು.

ಬಟನ್‌ಗೆ ಬೆವರು ಕಿತ್ತುಬಂತು. ಮುಟ್ಟಿದರೆ ಆಜ್ಞೆ ಮುರಿದಂತೆ, ಕೆಲಸಕ್ಕೆ ಎಳ್ಳುನೀರು. ಮುಟ್ಟದಿದ್ದರೆ ಸರ್ ಮರ್ಯಾದೆ ಮೂರಾಬಟ್ಟೆ. ಹೇಗೂ ಹೋಗುವ ಕೆಲಸ ಎಂದುಕೊಂಡು ಹಿಂದಕ್ಕೆ ಒತ್ತಿದ. ದೇವತೆ ಬಂದಳು. ಮುಷ್ಟಿ ಬಿಗಿಯಾಯಿತು, ಬಕೆಟ್ ಬಂತು. ಒತ್ತಿದ, ದೇವತೆ. ಬಿಗಿ, ಬಕೆಟ್. ಅರ್ಧ ಗಂಟೆ ದೇವತೆ ಬಕೆಟ್ ಮೇಲೆ ಕೂರುತ್ತ ಏಳುತ್ತ ಇದ್ದಳು. ಸದಾ ತೂಕಡಿಸುವ ಕೊನೆಯ ಸಾಲು ಅಂದು ಕಣ್ಣು ಮಿಟುಕಿಸಲಿಲ್ಲ.

ಆಗ ಮೇಡಂ ತಿರುಗಿ ನೋಡಿದರು. ಬಟನ್ ಕಳ್ಳನಂತೆ ಎರಡೂ ಕೈ ಮೇಲೆತ್ತಿದ. ತಡೆಯುವವರಿಲ್ಲದೆ ಹೂಜಿ, ಹಡಗು, ನಕಾಶೆ ದಡದಡನೆ ಓಡಿ, ಪರದೆಯ ಮೇಲೆ ‘ವಂದನೆಗಳು’ ಎಂದು ಬಂದು ನಿಂತಿತು. ಜನ ಎದ್ದು ಚಪ್ಪಾಳೆ ತಟ್ಟಿ ಚೀಲ ಹೆಗಲಿಗೇರಿಸಿದರು.

“ಕೂತ್ಕೊಳ್ಳಿ, ಮೂಗಿನ ವಿಷಯ ಇನ್ನೂ ಶುರುವೇ ಆಗಿಲ್ಲ!” ಎಂದು ಪ್ರೊಫೆಸರರು ಗಾಬರಿಯಾದರು.

“ಏನ್ರೀ ನೋಡ್ತಾ ಕೂತಿದ್ದೀರಿ?” ಮೇಡಂ ಬಟನ್‌ನತ್ತ ಹಲ್ಲು ಕಚ್ಚಿ ಪಿಸುಗುಟ್ಟಿದರು. “ಹಿಂದಕ್ಕೆ ತನ್ನಿ!”

ಮುಂದಿನ ವಾರ ಆದೇಶ ಹೊರಬಿತ್ತು. ರಿಮೋಟನ್ನು ಮೂರು ಸಮಿತಿಗಳ ಒಪ್ಪಿಗೆ ಪಡೆದು ತರಿಸಿದ್ದರಿಂದ ಕೈಬಿಡುವಂತಿಲ್ಲ. ಆದಕಾರಣ ರಿಮೋಟಿನಿಂದ ಅತಿಯಾಗಿ ಮುಂದೆ ಹೋದ ಚಿತ್ರಗಳನ್ನು ಹಿಂದಕ್ಕೆ ತರಲು ಒಬ್ಬ ಸಹಾಯಕ ಅಗತ್ಯ. ಅವನು ಮುಂದಕ್ಕೆ ಒತ್ತತಕ್ಕದ್ದಲ್ಲ. ಮುಂದಿನ ಮೂರು ತಿಂಗಳವರೆಗೂ ಹಿಂದಕ್ಕೆ ತರುವ ಕೆಲಸ ಇದ್ದೇ ಇದ್ದರೆ ಹುದ್ದೆ ಕಾಯಂ, ಇಲ್ಲವಾದರೆ ರದ್ದು.

ಮೊದಲ ತಿಂಗಳು ಬಟನ್‌ಗೆ ಉಸಿರಾಡಲೂ ಬಿಡುವಿರಲಿಲ್ಲ. ಎರಡನೆಯ ತಿಂಗಳು ಒಂದು ಗುರುವಾರ ಒಂದು ಚಿತ್ರವೂ ತಪ್ಪಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಅವನು ನೇರ ಪ್ರೊಫೆಸರರ ಕೋಣೆಗೆ ಹೋದ.

“ಸರ್... ನೀವು ಈಚೆಗೆ ತಪ್ಪೇ ಮಾಡ್ತಿಲ್ಲ.”

“ಹೌದಾ!” ಅವರ ಮುಖ ಅರಳಿತು. “ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಅಭ್ಯಾಸ ಮಾಡ್ತಿದೀನಪ್ಪ.”

“ನೀವು ತಪ್ಪದಿದ್ರೆ ನನ್ನ ಕೆಲಸ ಹೋಗುತ್ತೆ, ಸರ್.”

ಪ್ರೊಫೆಸರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಎಷ್ಟು ಬೇಕು?”

“ಗಂಟೆಗೆ ಒಂದು ಆರು ತಪ್ಪು. ಜಾಸ್ತಿ ಬೇಡ, ಬಂದವರಿಗೆ ಪಾಠ ಕೆಡಬಾರದು.”

“ಸಣ್ಣವೋ, ದೊಡ್ಡವೋ?”

“ನಾಲ್ಕು ಸಣ್ಣವು, ಎರಡು ದೊಡ್ಡವು.”

ಪ್ರೊಫೆಸರರು ಮುಂದಿನ ವಾರದ ಟಿಪ್ಪಣಿ ಹೊರತೆಗೆದು, ಕೆಂಪು ಪೆನ್ಸಿಲಿನಿಂದ ಅಂಚಿನಲ್ಲಿ ‘ಇಲ್ಲಿ ತಪ್ಪು’ ಎಂದು ಗುರುತು ಹಾಕುತ್ತ ಹೋದರು. ಆರನೆಯದಕ್ಕೆ ಪೆನ್ಸಿಲು ನಿಂತಿತು.

“ಇಲ್ಲಿ ಬೇಡಪ್ಪ. ಈ ಕಂಬ ಅಂದ್ರೆ ನನಗೆ ಜೀವ. ಒಂದು ಪುಟ ಮುಂದೆ ಹಾಕ್ಲಾ?”

“ಹಾಕಿ ಸರ್,” ಎಂದ ಬಟನ್. “ನಾನು ಎಲ್ಲಿಂದ ಬೇಕಾದ್ರೂ ಹಿಂದಕ್ಕೆ ತರ್ತೀನಿ.”