ಬೆಳೆಯೋ ಕಾಲಿಗೆ ತಂದ ಸ್ಕೇಟ್ಸ್

ಇವತ್ತು ಮಗಳಿಗೆ ಸ್ಕೇಟ್ಸ್ ಕೊಳ್ಳಲು ಹೋದ ಅಂಗಡಿಯಲ್ಲಿ ಹೊಸ ಚಕ್ರಗಳ ವಾಸನೆ ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ನಮ್ಮ ಜಗಲಿ ಕಣ್ಮುಂದೆ ಬಂತು.

ಅಪ್ಪ ಚಪ್ಪಲಿ, ಯೂನಿಫಾರ್ಮು ಎಲ್ಲವನ್ನೂ ದೊಡ್ಡದೇ ತರುತ್ತಿದ್ದ. ಒಂದೇ ಸಾಲಿನ ಚಕ್ರದ ರೇಸ್ ಸ್ಕೇಟ್ಸನ್ನೂ ಎರಡು ಸೈಜ್ ದೊಡ್ಡದೇ ತಂದ.

"ಹಿಮ್ಮಡಿ ಒಳಗೇ ಅಲ್ಲಾಡ್ತದೆ, ಬ್ಯಾರೇದು ತಕಬಾಪ್ಪ," ಅಂತ ಅತ್ತು ಕೇಳಿಕೊಂಡೆ.

"ಬೆಳೆಯೋ ಕಾಲು ಕಣಮ್ಮಿ, ಇರ್ಲಿ ಬುಡು," ಅಂದ.

ಅವ್ವ ಬೂಟಿನ ತುದಿಗೆ ಹಳೇ ಸೀರೆ ಚೂರು ತುರುಕಿದಳು. ಚಾಮರಾಜನಗರದ ರೇಸಿನಲ್ಲಿ ಮೊದಲ ತಿರುವಿಗೇ ಬೂಟೊಂದು ಕಡೆ, ಕಾಲೊಂದು ಕಡೆ ತಿರುಗಿತು. ಬಿದ್ದಲ್ಲಿಂದ ಏಳಲಾಗದೆ, ಉಳಿದವರ ಬೆನ್ನು ನೋಡುತ್ತಾ ಗೋಳಾಡಿದೆ. ಅಪ್ಪ ಓಡಿಬಂದು ಎತ್ತಿಕೊಂಡ.

"ಮುಂದಿನ್ ವರ್ಸಕ್ಕೆ ಸರೋಯ್ತದೆ ಕಣವ್ವ." ಅಂತ ಅವನೇ ಬೂಟು ಬಿಚ್ಚಿದ.

ಮಗಳಿಗೆ ಬಿಗಿಯಾದ ಜೊತೆಯನ್ನೇ ಕೊಂಡೆ. ಅಪ್ಪ ತಂದ ಆ ಬೂಟಿನಷ್ಟು ನನ್ನ ಕಾಲು ಇವತ್ತಿಗೂ ಬೆಳೆದಿಲ್ಲ.