ಹೊಸ್ತಿಲ ಮೇಲಿನ ರಾಗಿ

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ಸಂಕೋಚವಿಲ್ಲ. ಅಮ್ಮ ನಾಯಂಡಹಳ್ಳಿಯ ಗೋಡೌನಿನಲ್ಲಿ ಹದಿನೆಂಟು ವರ್ಷ ಕಾಳು ಹಸನು ಮಾಡಿ ನನ್ನನ್ನು ಓದಿಸಿದಳು. ಈಗ ನಾಗರಬಾವಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ.

ಆ ವರ್ಷ ಕೆರಿಬಿಯನ್ ದ್ವೀಪಗಳ ಜನಪದ ಕಥೆಗಳು ಪಾಠಕ್ಕಿದ್ದವು. ಅಲ್ಲಿನ ಸುಕುಯಾ ಎಂಬ ಮುದುಕಿ ರಾತ್ರಿ ತೊಗಲು ಕಳಚಿಟ್ಟು, ಬೆಂಕಿಯುಂಡೆಯಾಗಿ ಹಾರಿ, ಬೀಗದ ಕಿಂಡಿಯಿಂದ ಒಳಗೆ ಬಂದು ಮಲಗಿದವರ ರಕ್ತ ಹೀರುತ್ತಾಳೆ. ಬೆಳಿಗ್ಗೆ ಮೈಮೇಲೆ ನೀಲಿ ಕಲೆ. ಬಾಗಿಲಲ್ಲಿ ಅಕ್ಕಿ ಚೆಲ್ಲಿದರೆ ಒಂದೊಂದೇ ಕಾಳು ಎಣಿಸದೆ ಅವಳು ದಾಟುವಂತಿಲ್ಲ. ಅಷ್ಟರಲ್ಲಿ ಬೆಳಕು ಹರಿಯುತ್ತದೆ. ಒಂದು ಭಾನುವಾರ ಸೊಪ್ಪು ಬಿಡಿಸುತ್ತಾ, ತಮಾಷೆಗೆಂದು ಅಮ್ಮನಿಗೆ ಇದನ್ನು ಹೇಳಿಬಿಟ್ಟೆ.

ಅಮ್ಮ ನಗಲಿಲ್ಲ. ಸೆರಗು ಸರಿಸಿ ತೋಳು ತೋರಿಸಿದಳು. ಏಟು ಬೀಳದೆಯೇ ಎದ್ದ ನೀಲಿ ಕಲೆಗಳು, ಐದಾರು.

"ಎಷ್ಟು ದಿನದಿಂದ ಅಮ್ಮಾ?"

"ದೀಪಾವಳಿಯಿಂದ. ನೀನೇ ಹೇಳಿದ್ಯಲ್ಲ, ಅವಳೇ ಕಣೇ."

ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಪ್ಲೇಟ್‌ಲೆಟ್ ಕೌಂಟ್ ತೀರಾ ಕಡಿಮೆ, ಕಾರಣ ಇನ್ನೂ ಗೊತ್ತಾಗುತ್ತಿಲ್ಲ ಎಂದರು ಡಾಕ್ಟರು. ಮಾತ್ರೆ ಕೊಟ್ಟು ವಾರಕ್ಕೊಮ್ಮೆ ಬರಹೇಳಿದರು. ರಕ್ತ ತೆಗೆಯಲು ಬರುವ ನರ್ಸನ್ನು ಕಂಡಾಗಲೆಲ್ಲ ಅಮ್ಮ ನನ್ನ ಕಿವಿಯಲ್ಲಿ, "ಇವಳೂ ಅವಳ ಪೈಕೀನೇ" ಎನ್ನುತ್ತಿದ್ದಳು.

ಮನೆಯ ಹೊಸ್ತಿಲಿಗೆ ರಾಗಿ ಬಿತ್ತು.

"ಕಥೇಲಿರೋದು ಅಕ್ಕಿ ಅಮ್ಮಾ."

"ಅಕ್ಕಿ ದಪ್ಪ. ಬೇಗ ಎಣಿಸ್ಬಿಡ್ತಾಳೆ."

ದಿನಾ ಬೆಳಿಗ್ಗೆ ಅದನ್ನು ಗುಡಿಸುವವಳು ನಾನು. ಅದು ಕಥೆ, ಇದು ಕಾಯಿಲೆ ಎಂದು ಎಷ್ಟು ಸಲ ಹೇಳಿದರೂ ಅವಳದು ಒಂದೇ ಪ್ರಶ್ನೆ: "ಹಂಗಾದ್ರೆ ಕಾಯಿಲೆ ಹೆಸ್ರು ಹೇಳು." ಇಷ್ಟು ಓದಿದ ನಾನು ರಿಪೋರ್ಟಿನ ಹಾಳೆಗಳನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ಹೆಸರು ಅಲ್ಲೂ ಇರಲಿಲ್ಲ, ಡಾಕ್ಟರಲ್ಲೂ ಇರಲಿಲ್ಲ.

ನಾಲ್ಕನೇ ವಾರ ಕೌಂಟ್ ಇನ್ನೂ ಇಳಿದಿತ್ತು. ವಾಪಸು ಬರುವಾಗ ಆಟೋದಲ್ಲಿ ಅಮ್ಮ ನನ್ನ ಕಿವಿಯತ್ತ ಬಾಗಿದಳು.

"ಅವಳು ಎಣಿಸ್ತಾನೇ ಇಲ್ಲ ಕಣೇ. ಪಾವಲ್ಲಿ ಅಳೆದು ಒಳಗೆ ಬರ್ತಾ ಇದಾಳೆ, ಹಾಳಾದೋಳು."

ನಗು ಉಕ್ಕಿತು, ಅಮ್ಮನ ಮುಖ ನೋಡಿ ಅಲ್ಲೇ ನಿಂತಿತು. ಅವಳು ಹೆದರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ರಾಗಿಗೆ ಸಾಸಿವೆ ಬೆರೆಸು. ಬೇರೆ ಮಾಡೋಕೆ ಎಷ್ಟೊತ್ತು ಹಿಡಿಯುತ್ತೆ ಅಂತ ನಂಗೊತ್ತು."

ಆ ಸಂಜೆ ಅಮ್ಮನಿಗೆ ಬಗ್ಗಲೂ ಆಗಲಿಲ್ಲ. ಎರಡು ಪಾವು ರಾಗಿಗೆ ಒಂದು ಪಾವು ಸಾಸಿವೆ ಸುರಿದು ನಾನೇ ಕೈಯಾಡಿಸಿದೆ, ಚೆನ್ನಾಗಿ, ಯಾರಿಂದಲೂ ಆರಿಸಲಾಗದ ಹಾಗೆ.