ಸಿದ್ದೀಕಾಕನ ಬೆನ್ನಿನ ಚೀಲ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ರೂಮಿನಲ್ಲಿ ಸಿದ್ದೀಕಾಕನ ಹಾಗೆ ಕಾರ್ಟನ್ ಕಟ್ಟುವವರು ಇನ್ನೊಬ್ಬರಿಲ್ಲ. ಉಪ್ಪಿನಂಗಡಿ ಕಡೆಯವರು, ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಊರಿಗೆ ಹೊರಟರೆಂದರೆ ಹಾಲಿನ ಪುಡಿ, ನೋವಿನ ಎಣ್ಣೆ, ಕಂಬಳಿ ಎಲ್ಲ ತುಂಬಿ, ಟೇಪು ಸುತ್ತಿ, ಹಗ್ಗ ಬಿಗಿದು, ಮೇಲೆ ಮಾರ್ಕರಿನಲ್ಲಿ ದಪ್ಪಗೆ ಹೆಸರು, ಊರು, ಮನೆಯ ಮೊಬೈಲ್ ನಂಬರು ಬರೆಯುತ್ತಿದ್ದರು. ಒಳಗಿದ್ದದ್ದರಲ್ಲಿ ಅವರದು ಕಡಿಮೆ. ಗಲ್ಫಿನಲ್ಲಿ ಲೀವಿಗೆ ಹೊರಟವನ ಬ್ಯಾಗಿನ ಮೇಲೆ ಎಲ್ಲರಿಗೂ ಹಕ್ಕು. ಒಬ್ಬ ಅಳಿಯನಿಗೆ ವಾಚು ಕೊಡುತ್ತಾನೆ, ಇನ್ನೊಬ್ಬ ಅತ್ತೆಗೆ ಬಾದಾಮಿ. ಆಗುವುದಿಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾನೆ.

ಕಳೆದ ವರ್ಷ ಗೋದಾಮಿನಲ್ಲಿ ಕೆಲಸ ಕಡಿಮೆಯಾಗಿ, ಬಾಕಿ ಇರುವ ರಜೆ ಮುಗಿಸಿಕೊಳ್ಳಿ ಎಂದು ಕಂಪೆನಿ ಹೇಳಿತು. ಸಿದ್ದೀಕಾಕ ಪೆರ್ನಾಲ್ ಹಬ್ಬಕ್ಕೆ ಊರಿಗೆ ಹೋಗಿ ಬಂದದ್ದಷ್ಟೇ. ಒಂದು ಸಂಜೆ ಈರುಳ್ಳಿ ಹೆಚ್ಚುತ್ತಾ ನನಗೆ ಹೇಳಿದರು:

"ಲತೇಶಾ, ನಾನು ವಿಯೆಟ್ನಾಮಿಗೆ ಹೋಗ್ತೇನೆ."

"ಅಲ್ಲಿ ನಿಮಗೆ ಯಾರುಂಟು ಕಾಕಾ?"

"ಯಾರೂ ಇಲ್ಲ. ಅದಕ್ಕೇ ಹೋಗುವುದು."

ಬೆನ್ನಿಗೊಂದು ಚೀಲ ಹಾಕಿಕೊಂಡು ಅಲ್ಲಿನ ಗುಡ್ಡಗಳಲ್ಲಿ ಅಲೆಯುವವರನ್ನು ಅವರು ಫೋನಿನಲ್ಲಿ ನೋಡಿದ್ದರು. ಒಮ್ಮೆಯಾದರೂ ಯಾರ ಸಾಮಾನನ್ನೂ ಹೊರದೆ, ಯಾರೂ ಕಾಯದ ಊರಿಗೆ ಕೈಬೀಸಿಕೊಂಡು ಹೋಗಬೇಕು. ಆಸೆ ಇಷ್ಟೇ. ಆದರೆ ಹೆಂಡತಿ ಝುಲೈಖಾಳಿಗೆ ತಿಳಿಯಬಾರದು. ಗಲ್ಫಿನವನು ರಜೆ ಸಿಕ್ಕಿಯೂ ಮನೆಗೆ ಬರಲಿಲ್ಲವೆಂದರೆ ನಮ್ಮ ಕಡೆ ಜನ ಎರಡನೇ ಮದುವೆಯವರೆಗೆ ಯೋಚಿಸುತ್ತಾರೆ, ಅಷ್ಟು ಪುರುಸೊತ್ತು ಅವರಿಗಿದೆ. ಗೋದಾಮಿನಲ್ಲಿ ಸ್ಟಾಕ್ ಪರಿಶೀಲನೆ ಇದೆ, ಒಂದು ವಾರ ಫೋನು ಕಡಿಮೆ ಎಂದು ಮನೆಗೆ ಸುಳ್ಳು ಹೇಳಿದರು.

ಪಕ್ಕದ ರೂಮಿನ ಜಯಪಾಲನಿಗೆ ಮಾತ್ರ ಹೇಗೋ ಗೊತ್ತಾಯಿತು. ಒಂದು ಪೊಟ್ಟಣ ಹಿಡಿದು ಬಂದೇಬಿಟ್ಟ. "ಹನೋಯಿಯಲ್ಲಿ ನಮ್ಮ ಪುತ್ತೂರಿನ ಹುಡುಗ ಒಬ್ಬ ಹೋಟೆಲಿನಲ್ಲಿ ಇದ್ದಾನೆ ಕಾಕಾ. ಭಾರ ಎಂತ ಇಲ್ಲ, ಹಲಸಿನ ಹಪ್ಪಳ."

"ಮಾಫಿ," ಎಂದು ಅರಬಿಯಲ್ಲೇ ಇಲ್ಲವೆಂದರು ಸಿದ್ದೀಕಾಕ. "ಒಂದು ಹಪ್ಪಳವೂ ಇಲ್ಲ."

ಜಯಪಾಲ ಆಮೇಲೆ ಅವರೊಡನೆ ಮಾತು ಬಿಟ್ಟ. ಕಾಕ ಕೊನೆಗೂ ಒಬ್ಬನಿಗೆ ಇಲ್ಲ ಎಂದದ್ದು ನನಗೆ ಭಾರೀ ಖುಷಿಯಾಯಿತು.

ಅಲ್ ಬರ್ಷಾದ ಮಾಲಿನಿಂದ ತಂದ ಚೀಲವನ್ನು ತುಂಬುವಾಗ ಮಾತ್ರ ಹಳೆಯ ಕೈ ಸುಮ್ಮನಿರಲಿಲ್ಲ. ಟೇಪು ಸುತ್ತಿದರು, ಹಗ್ಗ ಬಿಗಿದರು, ಮೇಲೆ ಎಂದಿನಂತೆ ಹೆಸರು, ಊರು, ನಂಬರು ಬರೆದರು. "ಕಾಕಾ, ಇದು ಬೆನ್ನಿಗೆ ಹಾಕುವುದು," ಎಂದೆ. ಬರೆಯದಿದ್ದರೆ ಸಮಾಧಾನ ಇಲ್ಲ ಮಾರಾಯ ಎಂದರು.

ಅಲ್ಲಿ ಮೊದಲೆರಡು ದಿನ ಮೀನು, ಅನ್ನ, ಮೊಟ್ಟೆ ತಿಂದುಕೊಂಡು ರಾಜನ ಹಾಗೆ ತಿರುಗಿದರಂತೆ. ಮೂರನೆಯ ದಿನ ಅವರಿದ್ದ ಬಸ್ಸು ಒಂದು ಘಾಟಿಯ ನೆತ್ತಿಯಲ್ಲಿ ನಿಂತಿತು. ಕೆಳಗೆ ನದಿ, ಆಚೆ ಈಚೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಸಿದ್ದೀಕಾಕ ಖಾಲಿ ಕೈಯಲ್ಲಿ ಇಳಿದು, ಖಾಲಿ ಕೈಯಲ್ಲಿ ನಡೆದು, ಅಲ್ಲಾಹುವಿನ ಸೃಷ್ಟಿಯನ್ನು ಕಣ್ತುಂಬ ನೋಡಿದರು. ಸಾಮಾನು ಹಿಂದಿನಿಂದ ಏರ್‌ಪೋರ್ಟಿನ ಬೆಲ್ಟಿನ ಮೇಲೆ ತಾನಾಗಿ ಬರುತ್ತದೆ ಎಂಬುದು ಅವರ ಜೀವಮಾನದ ಅಭ್ಯಾಸ. ಇವರು ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.

ಕಂಡಕ್ಟರ್ ಆ ಚೀಲವನ್ನು ಮುಂದಿನ ಊರಿನ ಒಂದು ಅಂಗಡಿಯಲ್ಲಿ ಇಳಿಸಿದ. ಅಂಗಡಿಯ ಹೆಂಗಸು ಒಳ್ಳೆಯವಳು. ಚೀಲದ ಮೇಲಿನ ನಂಬರಿಗೆ ಆಗಲೇ ವಿಡಿಯೋ ಕಾಲ್ ಮಾಡಿದಳು. ಉಪ್ಪಿನಂಗಡಿಯಲ್ಲಿ ಬಂಗುಡೆ ಹುರಿಯುತ್ತಿದ್ದ ಝುಲೈಖಾ ಫೋನೆತ್ತಿದರೆ, ಗುರುತಿಲ್ಲದ ಹೆಂಗಸು, ಅರ್ಥವಾಗದ ಭಾಷೆ, ಅವಳ ಕೈಯಲ್ಲಿ ಗಂಡನ ಅಕ್ಷರ.

ಸಿದ್ದೀಕಾಕ ಅದೇ ಘಾಟಿಯಲ್ಲಿ ಯಾರದೋ ಗುಡಿಸಲಿನ ಮುಂದೆ, ಇನ್ನೊಂದು ಬಸ್ಸಿಗೆ ಕಾಯುತ್ತಾ ಚಹಾ ಕುಡಿಯುತ್ತಿದ್ದರು. ಮನೆಯಿಂದ ಫೋನು ಬಂತು.

"ಎಲ್ಲಿದ್ದೀರಿ?"

"ಗೋದಾಮಿನಲ್ಲಿ. ಸ್ಟಾಕ್ ನೋಡ್ತಾ ಇದ್ದೇವೆ."

ಹಿಂದಿನಿಂದ ಹುಂಜ ಕೂಗಿತು.

"ಗೋದಾಮಿನಲ್ಲಿ ಕೋಳಿ ಸಾಕಿದ್ದಾರಾ?"

"ಅದು ಇಂಪೋರ್ಟ್ ಆದದ್ದು," ಎಂದರಂತೆ ಈ ಮಹಾನುಭಾವರು.

"ಹಾಗಾ. ನಿಮ್ಮ ಬ್ಯಾಗು ಒಬ್ಬಳ ಅಂಗಡಿಯಲ್ಲಿ ಉಂಟು. ಹೋಗಿ ತಕೊಳ್ಳಿ."

ಅಲ್ಲಿಗೆ ಖಲಾಸ್. ಸಿದ್ದೀಕಾಕ ಇದ್ದದ್ದೆಲ್ಲ ಒಪ್ಪಿಕೊಂಡರು. ಯಾರೂ ಕಾಯದ ಊರು ನೋಡುವ ಆಸೆಗೆ ಒಬ್ಬನೇ ಬಂದದ್ದು, ಬೇರೆ ಯಾರೂ ಇಲ್ಲ, ಆ ಹೆಂಗಸಿನ ಮುಖವನ್ನು ತಾನಿನ್ನೂ ನೋಡಿಯೇ ಇಲ್ಲ ಎಂದು ಆಣೆ ಹಾಕಿದರು. ಬೈಗುಳಕ್ಕೆ ಕಾದರು.

"ಅವಳು ಫೋನು ತಿರುಗಿಸಿ ಅಲ್ಲಿಯ ಗುಡ್ಡ ಎಲ್ಲ ತೋರಿಸಿದಳು," ಎಂದಳು ಝುಲೈಖಾ. "ನೋಡ್ತಾ ನಿಂತು ಮೀನು ಕರಟಿಹೋಯ್ತು."

"ಮುಂದಿನ ಸರ್ತಿ ಬರುವಾಗ ನಿನಗೆ ಇಲ್ಲಿಂದ ಎಂತ ತರಲಿ?" ಗಾಬರಿಯಲ್ಲಿ ಅವರಿಗೆ ಬಂದದ್ದು ಈ ಮಾತು.

"ಎಂತ ತರುವುದು ಬೇಡ. ನೀವು ಬಂದಾಗ ಎಲ್ಲ, ನಿಮ್ಮ ಸಾಮಾನಿಗೆ ಅಂತ ಬಂದವರಿಗೆ ಚಾ ಮಾಡಿ ಮಾಡಿಯೇ ನನ್ನ ದಿನ ಮುಗೀತದೆ. ಯಾರೂ ಕಾಯದ ಊರಿಗೆ ಹೋಗ್ಬೇಕು ಅಂತ ನನಗೂ ಆಗ್ತದೆ. ನೀವು ಒಮ್ಮೆ ಕೇಳಿದ್ದೀರಾ?"

ರೂಮಿಗೆ ಮರಳಿ, ನಮ್ಮನ್ನು ನಗಿಸಲೆಂದೇ ಈ ಕಥೆ ಹೇಳಲು ಕೂತಿದ್ದ ಸಿದ್ದೀಕಾಕ ಇಲ್ಲಿಗೆ ಬಂದಾಗ ತಮಾಷೆ ಬಿಟ್ಟರು. ನಾಚಿಕೆಯಾಯಿತು ಲತೇಶಾ, ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದರು. ಉಳಿದ ದಿನಗಳಲ್ಲಿ ಗುಡ್ಡ, ನದಿ, ಗದ್ದೆ ಯಾವುದನ್ನೂ ಅವರು ಖಾಲಿ ಕೈಯಲ್ಲಿ ನೋಡಲಿಲ್ಲ. ಕಂಡದ್ದನ್ನೆಲ್ಲ ಫೋನು ಎತ್ತಿ ಹಿಡಿದು ಝುಲೈಖಾಳಿಗೆ ತೋರಿಸಿದರು. ಅವಳು ಇನ್ನೂ ಸ್ವಲ್ಪ ಎಡಕ್ಕೆ ಹಿಡಿಯಿರಿ, ನಿಮ್ಮ ತಲೆ ಅಡ್ಡ ಬರುತ್ತದೆ ಎನ್ನುತ್ತಿದ್ದಳಂತೆ.